ದಿನಕ್ಕೊಂದು ತಾಸು, ಒಂದು ಪ್ರಶ್ನೆ: ಪಿಎಚ್‌ಡಿ ಪ್ರಬಂಧ ಬರೆದು ಮುಗಿಸುವ ದಾರಿ

"ಎಲ್ಲಿಗಿ ಬಂತ್ರಿ ನಿಮ್ಮ ಪಿಎಚ್‌ಡಿ?" ಬೆಳಗಾವಿ, ಬಾಗಲಕೋಟೆ, ವಿಜಯಪುರ, ಯಾವ ಕಡೆಯ ಮದುವೆಗೆ ಹೋದರೂ ಸಂಶೋಧನೆ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. "ನಡದೈತ್ರಿ" ಎಂಬುದು ಎಲ್ಲರೂ ಕೊಡುವ ಉತ್ತರ. ಏನು ನಡೆದಿದೆ ಎಂದು ಸ್ವಲ್ಪ ಕೆದಕಿ ನೋಡಿ. ಓದು ನಡೆದಿರುತ್ತದೆ. ಜೆರಾಕ್ಸ್ ನಡೆದಿರುತ್ತದೆ. ಸೆಮಿನಾರುಗಳಿಗೆ ಓಡಾಟ ನಡೆದಿರುತ್ತದೆ. ಬರವಣಿಗೆ ಮಾತ್ರ ಈ ಸೆಮಿಸ್ಟರ್ ಮುಗಿದ ಮೇಲೆ ಶುರುವಾಗಬೇಕಿರುತ್ತದೆ.

ನಾನು ಬಾಗಲಕೋಟೆಯಲ್ಲಿ ಪಾಠ ಮಾಡುತ್ತೇನೆ. ಸುತ್ತಮುತ್ತ ಪಿಎಚ್‌ಡಿ ಮಾಡುವವರು ಜಾಸ್ತಿ. ಬೆಳಗಾವಿ ಹತ್ತಿರ ಭೂತರಾಮನಹಟ್ಟಿಯಲ್ಲಿ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದ ಮೇಲೆ ಎಲ್ಲದಕ್ಕೂ ಧಾರವಾಡಕ್ಕೇ ಹೋಗಬೇಕು ಎಂಬುದು ತಪ್ಪಿತು. ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯ ಇದೆ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ, ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು. ಒಬ್ಬರದು ವಚನ, ಇನ್ನೊಬ್ಬರದು ದಾಳಿಂಬೆ ರೋಗ, ಮತ್ತೊಬ್ಬರದು ಕಾಂಕ್ರೀಟು. ಬರೆಯಲು ಕುಳಿತಾಗಿನ ಪರದಾಟ ಮಾತ್ರ ಒಂದೇ.

ಇದನ್ನು ಸೋಮಾರಿತನ ಎಂದು ಬೈಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಸುಕಿನಲ್ಲಿ ಎದ್ದು ಓದಿ ನೆಟ್, ಕೆಸೆಟ್ ಎಂಬ ಉಪನ್ಯಾಸಕರ ಅರ್ಹತಾ ಪರೀಕ್ಷೆ ಪಾಸಾದವರು ಇವರು. ಆದರೆ ಪರೀಕ್ಷೆಗೆ ಸಿಲಬಸ್ ಇತ್ತು, ಪ್ರಬಂಧಕ್ಕೆ ಇಲ್ಲ. ಕುರ್ಚಿಯಲ್ಲಿ ಕುಳಿತರೆ ಇವತ್ತು ಏನು ಬರೆಯಬೇಕು ಎಂಬುದೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ಯಾರು ತಾನೆ ಖುಷಿಯಿಂದ ಕೂರುತ್ತಾರೆ? ಆ ಸಿಲಬಸ್ಸನ್ನು ನಾವೇ ಮಾಡಿಕೊಳ್ಳಬೇಕು. ಮುಂದಿನ ಹೆಜ್ಜೆಗಳೆಲ್ಲ ಅದಕ್ಕೇ.

ಹೆಜ್ಜೆ 1: ಕ್ಯಾಲೆಂಡರ್ ಕೆಳಗಿಳಿಸಿ

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ, ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೂ 2 ವರ್ಷದ ರಿಯಾಯಿತಿ ಇದೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ ಮಹಿಳೆಯರು 240 ದಿನಗಳವರೆಗೆ ರಜೆ ಪಡೆಯಬಹುದು. ಈ 2022ರ ನಿಯಮಕ್ಕೂ ಮೊದಲು ನೋಂದಾಯಿಸಿದವರಿಗೆ ಹಳೆಯ ನಿಯಮವೇ ಅನ್ವಯ. ಹಾಗಾಗಿ ಮೊದಲ ಕೆಲಸ, ನಿಮ್ಮ ನೋಂದಣಿ ಪತ್ರ ಹುಡುಕಿ ತೆಗೆದು ಕೊನೆಯ ದಿನಾಂಕ ಯಾವುದು ಎಂದು ನೋಡುವುದು. ಎಷ್ಟೋ ಜನರಿಗೆ ಇದು ಸರಿಯಾಗಿ ಗೊತ್ತೇ ಇರುವುದಿಲ್ಲ.

ಆರು ವರ್ಷ ಇದೆಯಲ್ಲ ಎಂಬ ಧೈರ್ಯ ಅಪಾಯದ್ದು. ಆ ಕೊನೆಯ ದಿನಾಂಕದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬನ್ನಿ. ಕೊನೆಯ ಮೂರು ತಿಂಗಳು ತಿದ್ದುಪಡಿ, ಹೋಲಿಕೆ ಪರೀಕ್ಷೆ, ಪ್ರಿಂಟು, ಸಹಿಗಳಿಗೆ ಹೋಗುತ್ತವೆ. ಅದಕ್ಕೂ ಹಿಂದಿನ ಎರಡು ತಿಂಗಳು ಗೈಡ್ ಓದುವುದಕ್ಕೆ. ಉಳಿದದ್ದು ನಿಮ್ಮದು.

ಅದೂ ಪೂರ್ತಿ ನಿಮ್ಮದಲ್ಲ. ಗೋಡೆಯ ಕಾಲನಿರ್ಣಯ ಕೆಳಗಿಳಿಸಿ ಒಂದು ಕೆಂಪು ಪೆನ್ನು ಹಿಡಿಯಿರಿ. ಬರೆಯಲು ಆಗುವುದೇ ಇಲ್ಲ ಎಂಬ ದಿನಗಳನ್ನು ಮೊದಲು ಹೊಡೆದು ಹಾಕಿ. ಜನವರಿಯಲ್ಲಿ ಸಂಕ್ರಾಂತಿ, ವಿಜಯಪುರದ ಸಿದ್ಧೇಶ್ವರ ಜಾತ್ರೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ತೇರು. ಅಲ್ಲಿ ನಾಟಕ ಕಂಪನಿಗಳು ಬೀಡು ಬಿಟ್ಟರೆ ಮನೆಗೆ ನೆಂಟರು ಬರುವುದೂ ನಿಲ್ಲುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆಗಳ ಸಾಲು, ಮೇಲೆ 40 ಡಿಗ್ರಿ ದಾಟುವ ಬಿಸಿಲು. ಬೆಳಗಾವಿಯವರಿಗೆ ಗಣಪತಿ ಹಬ್ಬ, ನವೆಂಬರ್ 1ರ ಮೆರವಣಿಗೆ, ಡಿಸೆಂಬರಿನ ಅಧಿವೇಶನದ ಗದ್ದಲ. ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ಇಂಟರ್ನಲ್ಸ್, ಮೌಲ್ಯಮಾಪನ. ಹೊಲ ಇರುವವರಿಗೆ ಬಿತ್ತಿಗೆ, ಸುಗ್ಗಿ, ಕಬ್ಬು ಕಡಿಯುವ ಗ್ಯಾಂಗ್ ಯಾವಾಗ ಬರುತ್ತದೋ ಎಂಬ ಕಾಯುವಿಕೆ.

ಜಾತ್ರೆಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಿ, ಗಿರ್ಮಿಟ್ ತಿನ್ನಿ, ನಾಟಕ ನೋಡಿ. ಆದರೆ ಕ್ಯಾಲೆಂಡರಿನಲ್ಲಿ ಮೊದಲೇ ಗೆರೆ ಎಳೆದು ಹೋಗಿ. ಎಳೆದ ಗೆರೆಯ ದಿನ ಬರೆಯದಿದ್ದರೆ ಅದು ರಜೆ, ಎಳೆಯದ ದಿನ ಬರೆಯದಿದ್ದರೆ ಅದು ಕೊರಗು. ವರ್ಷದಲ್ಲಿ ನಿಜವಾಗಿ ಎಷ್ಟು ದಿನ ಉಳಿದವು ಎಂದು ಎಣಿಸಿದಾಗ ಎದೆ ಧಸಕ್ಕೆನ್ನುತ್ತದೆ. ಎನ್ನಲಿ. ಆ ಸಂಖ್ಯೆ ಗೊತ್ತಾದರೇ ಒಳ್ಳೆಯದು.

ಹೆಜ್ಜೆ 2: ಒಂದೇ ಹೊತ್ತು, ಸಣ್ಣ ಹೊತ್ತು

"ಭಾನುವಾರ ಪೂರ್ತಿ ದಿನ ಕೂತು ಬರೀತೀನಿ" ಎನ್ನುವವರ ಪ್ರಬಂಧ ಮುಗಿದದ್ದನ್ನು ನಾನು ಕಂಡಿಲ್ಲ. ಭಾನುವಾರ ಬಟ್ಟೆ ಒಗೆಯುವುದಿರುತ್ತದೆ, ಸಂತೆ ಇರುತ್ತದೆ, ಯಾರದೋ ಸೀಮಂತ ಇರುತ್ತದೆ. ದಿನಕ್ಕೊಂದು ತಾಸು, ವಾರಕ್ಕೆ ಐದು ದಿನ, ಅದೇ ಹೊತ್ತಿಗೆ. ಅಷ್ಟು ಸಾಕು. ಜಾಸ್ತಿ ಸಿಕ್ಕರೆ ಲಾಭ.

ಹೊತ್ತು ಯಾವುದು? ನಮ್ಮ ಕಡೆ ಬೆಳಗಿನ ಐದೂವರೆಯಿಂದ ಆರೂವರೆ ಒಳ್ಳೆಯದು. ವಿಜಯಪುರದ ಬೇಸಿಗೆಯಲ್ಲಂತೂ ಹತ್ತು ಗಂಟೆಯ ಮೇಲೆ ತಲೆ ಓಡುವುದಿಲ್ಲ. ಆದರೆ ಬೆಳಿಗ್ಗೆ ನೀರು ಬರುವ ಮನೆ, ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಆ ಹೊತ್ತು ಹೆಣ್ಣುಮಕ್ಕಳಿಗೆ ಸಿಗುವುದಿಲ್ಲ. ಅವರು ರಾತ್ರಿ ಒಂಬತ್ತೂವರೆ ಹಿಡಿಯಲಿ, ಅಥವಾ ಕಾಲೇಜಿನಲ್ಲೇ ಕೊನೆಯ ಪಿರಿಯಡ್ ಆದ ಮೇಲೆ ಒಂದು ತಾಸು ಕುಳಿತು ಮನೆಗೆ ಬರಲಿ. ನಸುಕಿನಲ್ಲಿ ಏಳುವುದೇ ಶಿಸ್ತು ಎಂಬ ಉಪದೇಶವನ್ನು ಪಕ್ಕಕ್ಕಿಡಿ. ದಿನಾ ಅದೇ ಹೊತ್ತು ಆಗಬೇಕು, ಅಷ್ಟೇ.

21 ದಿನ ಮಾಡಿದರೆ ಅಭ್ಯಾಸ ಹತ್ತುತ್ತದೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದನ್ನು ನಂಬಿ 22ನೇ ದಿನ ಬೇಸರವಾದರೆ "ನನ್ನಲ್ಲೇ ಏನೋ ಕೊರತೆ" ಎನಿಸುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ ಮಾಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹೊಸ ಅಭ್ಯಾಸ ತಾನಾಗಿಯೇ ನಡೆಯುವಂತಾಗಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗುವ ಲೆಕ್ಕ ಬಂತು. ನಮಗೆ ಬೇಕಾದ ಮಾತು ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಕೆಡಲಿಲ್ಲ. ಅಂದರೆ ಎರಡು ತಿಂಗಳು ಒಗ್ಗದೆ ಇರುವುದು ಸಹಜ. ಅಲ್ಲಿಯವರೆಗೆ ಮನಸ್ಸು ಬರಲಿ ಎಂದು ಕಾಯದೆ ಸುಮ್ನೆ ಹೋಗಿ ಕುಳಿತುಕೊಳ್ಳಬೇಕು.

ಕುಳಿತುಕೊಳ್ಳುವುದನ್ನು ಈಗಾಗಲೇ ದಿನಾ ಮಾಡುವ ಕೆಲಸಕ್ಕೆ ಗಂಟು ಹಾಕಿ. ಚಹಾದ ಕಪ್ಪು ತೊಳೆದಿಟ್ಟ ಕೂಡಲೇ ಕುರ್ಚಿ. ನಡುವೆ ಪೇಪರ್ ಇಲ್ಲ, ಫೋನ್ ಇಲ್ಲ. ಅಡ್ಡಿಗಳಿಗೂ ಉತ್ತರ ಮೊದಲೇ ಬರೆದಿಡಿ. ಹೀಗಾದರೆ ಹೀಗೆ ಮಾಡುತ್ತೇನೆ ಎಂದು ಮುಂಚೆಯೇ ಗೊತ್ತು ಮಾಡಿಕೊಂಡವರು ಕೆಲಸ ಮುಗಿಸುವುದು ಹೆಚ್ಚು ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ತೋರಿಸಿದ್ದಾರೆ. ನಮ್ಮ ಪಟ್ಟಿ ಹೀಗಿರಬಹುದು. ಕರೆಂಟ್ ಹೋದರೆ ನೋಟ್‌ಬುಕ್ಕಿನಲ್ಲಿ ಕೈಬರಹ. ನೆಂಟರು ಬಂದರೆ ಚಹಾ ಕೊಟ್ಟು, ಅವರು ಮಲಗಿದ ಮೇಲೆ ಅರ್ಧ ತಾಸು. ಜ್ವರ ಬಂದರೆ ರಜೆ, ಕೊರಗಿಲ್ಲ. ಒಂದು ತಾಸೂ ದೊಡ್ಡದೆನಿಸಿದ ದಿನ 25 ನಿಮಿಷ ಬರೆದು 5 ನಿಮಿಷ ಏಳಿ, ಮತ್ತೆ 25 ನಿಮಿಷ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಅಡುಗೆಮನೆಯ ಟೈಮರ್ ಇಟ್ಟುಕೊಂಡು ಕಂಡುಕೊಂಡ ಉಪಾಯ ಇದು. ನಮಗೆ ಕುಕ್ಕರಿನ ಸೀಟಿಯೂ ಆದೀತು.

ದಿನಾ ಬಸ್ಸಿನಲ್ಲಿ ಓಡಾಡುವ ಅತಿಥಿ ಉಪನ್ಯಾಸಕರಿಗೆ ಒಂದು ಮಾತು. ಗೋಕಾಕಿನಿಂದ ಬೆಳಗಾವಿಗೆ, ಜಮಖಂಡಿಯಿಂದ ವಿಜಯಪುರಕ್ಕೆ ಹೋಗುವ ಹೊತ್ತನ್ನು ಬರೆಯುವ ಹೊತ್ತು ಎಂದು ಲೆಕ್ಕಕ್ಕೆ ಹಿಡಿಯಬೇಡಿ. ನಿಂತುಕೊಂಡು ಹೋಗುವ ಬಸ್ಸಿನಲ್ಲಿ ಯಾರೂ ಅಧ್ಯಾಯ ಬರೆಯುವುದಿಲ್ಲ. ಅಲ್ಲಿ ಸಂದರ್ಶನದ ರೆಕಾರ್ಡಿಂಗ್ ಕೇಳಿ, ನಿನ್ನೆ ಬರೆದ ಪುಟವನ್ನು ಫೋನಿನಲ್ಲಿ ಓದಿ. ಅಥವಾ ನಿದ್ದೆ ಮಾಡಿ. ನಿದ್ದೆಯೂ ಪ್ರಬಂಧಕ್ಕೆ ಬೇಕು.

ಹೆಜ್ಜೆ 3: ಜಾಗ ಮತ್ತು ಫೋನ್

ಮೇಜು ಇದ್ದರೆ ಮೇಜು, ಇಲ್ಲದಿದ್ದರೆ ಕೋಣೆಯ ಒಂದು ಮೂಲೆ. ಅಲ್ಲಿ ಬೇರೆ ಕೆಲಸ ಮಾಡಬೇಡಿ. ಮನೆಯಲ್ಲಿ ಆಗದಿದ್ದರೆ ಜಿಲ್ಲಾ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಪಕ್ಕ ಕುಳಿತುಕೊಳ್ಳಿ. ಅವರ ತಲ್ಲೀನತೆ ನಮಗೂ ಅಂಟುತ್ತದೆ. ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ಸೈಲೆಂಟ್ ಮಾಡಿ ಪಕ್ಕದಲ್ಲೇ ಇಟ್ಟುಕೊಂಡರೆ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಸ್ಕಾಲರ್‌ಗಳ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬರುವ ಸೆಮಿನಾರ್ ಬ್ರೋಷರ್‌ಗಳನ್ನು ಸಂಜೆ ನೋಡಿದರೂ ಏನೂ ಕಳೆದುಹೋಗುವುದಿಲ್ಲ.

ಹೆಜ್ಜೆ 4: ಅಧ್ಯಾಯವನ್ನು ಪ್ರಶ್ನೆಗಳಾಗಿ ಒಡೆಯಿರಿ

ಇದೊಂದು ಹೆಜ್ಜೆ ಸರಿಹೋದರೆ ಉಳಿದವು ಹಗುರ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

"ಇವತ್ತು ಮೂರನೇ ಅಧ್ಯಾಯ ಬರೆಯಬೇಕು" ಎಂದುಕೊಂಡು ಕುಳಿತರೆ ಆ ದಿನ ಹೋಯಿತೆಂದೇ ಲೆಕ್ಕ. ಅಧ್ಯಾಯವನ್ನು ಒಂದು ದಿನದಲ್ಲಿ ಬರೆಯಲಾಗುವುದಿಲ್ಲ. ಒಂದು ತಾಸಿನಲ್ಲಿ ಬರೆಯಲು ಆಗುವುದು ಒಂದು ಪ್ರಶ್ನೆಗೆ ಉತ್ತರ. ಒಂದು ಪುಟ, ಹೆಚ್ಚೆಂದರೆ ಎರಡು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ವಿಷಯ "ಆಲಮಟ್ಟಿ ಅಣೆಕಟ್ಟು ಮತ್ತು ಬಾಗಲಕೋಟೆಯ ಮುಳುಗಡೆ" ಎಂದಿರಲಿ. ಮೂರನೇ ಅಧ್ಯಾಯದ ಹೆಸರು "ಪುನರ್ವಸತಿ: ಸಾಮಾಜಿಕ ಹಾಗೂ ಆರ್ಥಿಕ ಪರಿಣಾಮಗಳು". ನೋಂದಣಿಗೆ ಕೊಡುವ ಸಾರಾಂಶದಲ್ಲಿ (ಸಿನಾಪ್ಸಿಸ್) ಹಾಗೆ ಬರೆದು ಕೊಟ್ಟಿದ್ದೀರಿ, ಸರಿ. ಆದರೆ ಆ ಹೆಸರು ನೋಡಿದರೆ ಬರೆಯಲು ಏನೂ ತೋಚುವುದಿಲ್ಲ. ಅದನ್ನು ಹೀಗೆ ಒಡೆಯಿರಿ. ಹಿನ್ನೀರು ಹಳೆ ಊರಿನ ಯಾವ ಯಾವ ಓಣಿಗಳಿಗೆ ಬಂತು? ಮುಳುಗಡೆಯವರಿಗೆಂದು ಕಟ್ಟಿದ ನವನಗರದಲ್ಲಿ ಸೈಟು ಹಂಚಿದ್ದು ಹೇಗೆ, ಹಳೆಯ ಓಣಿಯವರು ಒಟ್ಟಿಗೇ ಉಳಿದರೇ, ಚದುರಿದರೇ? ಪರಿಹಾರದ ಹಣ ಯಾರ ಹೆಸರಿಗೆ ಬಂತು, ಮನೆಯ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತೇ? ನೇಕಾರರು ಮಗ್ಗ ಎಲ್ಲಿ ಹೂಡಿದರು? ಬಾಡಿಗೆ ಮನೆಯಲ್ಲಿದ್ದವರಿಗೆ ಏನಾಯಿತು? ಹಳೆ ಊರಿನ ಅಂಗಡಿಕಾರ ನವನಗರದಲ್ಲಿ ಗಿರಾಕಿ ಹುಡುಕಿಕೊಂಡದ್ದು ಹೇಗೆ? ಅಣೆಕಟ್ಟಿನ ಎತ್ತರ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಇನ್ನು ಯಾರು ಏಳಬೇಕಾಗುತ್ತದೆ?

ನೋಡಿ, ಪ್ರತಿ ಪ್ರಶ್ನೆಯೂ ಒಂದು ದಿನದ ಕೆಲಸ. ಉತ್ತರ ಬರೆಯಲು ಏನು ಬೇಕು ಎಂಬುದೂ ಅದರಲ್ಲೇ ಇದೆ. ಯಾವ ಕಚೇರಿಯ ಕಡತ, ಯಾರ ಸಂದರ್ಶನ, ಯಾವ ನಕ್ಷೆ ಎಂದು ತಿಳಿಯುತ್ತದೆ. ಕೆಲವು ಪ್ರಶ್ನೆಗೆ ನಿಮ್ಮ ಹತ್ತಿರ ಮಾಹಿತಿಯೇ ಇಲ್ಲ ಎಂದೂ ಗೊತ್ತಾಗುತ್ತದೆ. ಅದು ನಾಲ್ಕನೇ ವರ್ಷಕ್ಕಿಂತ ಎರಡನೇ ವರ್ಷ ಗೊತ್ತಾದರೆ ಒಳ್ಳೆಯದು, ಅಲ್ವಾ? ಒಂದೊಂದು ಪ್ರಶ್ನೆಯನ್ನು ಒಂದೊಂದು ಚೀಟಿಯ ಮೇಲೆ ಬರೆದು ಅಧ್ಯಾಯಕ್ಕೊಂದು ಲಕೋಟೆಯಲ್ಲಿ ಹಾಕಿಡಿ. ಕ್ರಮ ಆಮೇಲೆ ಜೋಡಿಸಿದರಾಯಿತು.

ವಿಜ್ಞಾನದವರಿಗೂ ಇದೇ. ದಾಳಿಂಬೆಯ ದುಂಡಾಣು ಅಂಗಮಾರಿಯ ಮೇಲೆ ಕೆಲಸ ಮಾಡುವವರು ಪ್ರಯೋಗ ನಡೆಯುತ್ತಿರುವಾಗಲೇ "ಎಲೆಯ ಮಾದರಿ ತಂದದ್ದು ಯಾವ ತೋಟಗಳಿಂದ, ಯಾವ ತಿಂಗಳಲ್ಲಿ, ತಂದಮೇಲೆ ಇಟ್ಟದ್ದು ಹೇಗೆ" ಎಂಬುದನ್ನು ಬರೆದುಬಿಡಬೇಕು. ವಿಧಾನದ ಅಧ್ಯಾಯ ಎಲ್ಲಕ್ಕಿಂತ ಸುಲಭ, ಏಕೆಂದರೆ ಮಾಡಿದ್ದನ್ನು ಹೇಳಿದರೆ ಸಾಕು. ಬರವಣಿಗೆ ಅಲ್ಲಿಂದ ಶುರುವಾಗಲಿ. ಪೀಠಿಕೆಯಿಂದ ಶುರು ಮಾಡುವುದು ನಮ್ಮಲ್ಲಿ ರೂಢಿ. ನನಗೆ ಅದು ಸರಿಕಾಣುವುದಿಲ್ಲ. ಏನು ಬರೆಯುತ್ತೀರಿ ಎಂದು ನಿಮಗೇ ಗೊತ್ತಾಗುವ ಮೊದಲು ಓದುಗರಿಗೆ ಅದರ ಪರಿಚಯ ಮಾಡಿಕೊಡುವುದು ಹೇಗೆ? ಪೀಠಿಕೆ ಕೊನೆಗಿರಲಿ.

ಇದರ ಜೊತೆ ಒಂದು ಸಣ್ಣ ಅಭ್ಯಾಸ. ತಾಸು ಮುಗಿದಾಗ ಎದ್ದುಬಿಡಬೇಡಿ. ಎರಡು ನಿಮಿಷ ಕುಳಿತು, ಬರೆದ ಪುಟದ ಕೆಳಗೆ "ನಾಳೆ" ಎಂದು ಬರೆದು ಮರುದಿನದ ಪ್ರಶ್ನೆ ಮತ್ತು ಮೊದಲ ವಾಕ್ಯ ಬರೆದಿಡಿ. "ನಾಳೆ: ಬಾಡಿಗೆದಾರರು. ಪರಿಹಾರದ ಪಟ್ಟಿಯಲ್ಲಿ ಮನೆ ಮಾಲೀಕರ ಹೆಸರಿದೆ, ಬಾಡಿಗೆಗಿದ್ದವರ ಹೆಸರಿಲ್ಲ." ಮರುದಿನ ಕುಳಿತಾಗ ಖಾಲಿ ಪುಟ ಎದುರಾಗುವುದಿಲ್ಲ, ಶುರುವಾದ ಪುಟ ಇರುತ್ತದೆ.

ಮುಗಿದ ಪ್ರಬಂಧ ಹೇಗಿರುತ್ತದೆ ಎಂಬ ಅಂದಾಜೇ ಇಲ್ಲದಿದ್ದರೆ ಪಿಎಚ್‌ಡಿ ಪ್ರಬಂಧಗಳನ್ನು ಹಾಕಿಡುವ ಶೋಧಗಂಗಾ ಜಾಲತಾಣ ತೆರೆದು ನಿಮ್ಮ ವಿಭಾಗದ ಎರಡು ಮೂರು ಪ್ರಬಂಧ ನೋಡಿ. ಪೂರ್ತಿ ಓದಬೇಡಿ. ಪರಿವಿಡಿ, ಅಧ್ಯಾಯಗಳ ಉದ್ದ, ಅಡಿಟಿಪ್ಪಣಿಯ ಕ್ರಮ, ಇಷ್ಟು ನೋಡಿ ಮುಚ್ಚಿ. ಡಿಗ್ರಿ ಸಿಕ್ಕ ಪ್ರಬಂಧಗಳೂ ಎಷ್ಟು ಸಾಧಾರಣವಾಗಿರಬಲ್ಲವು ಎಂದು ತಿಳಿದರೆ ಸ್ವಲ್ಪ ಧೈರ್ಯವೂ ಬರುತ್ತದೆ.

ಹೆಜ್ಜೆ 5: ಮೊದಲು ಮಾತು, ಆಮೇಲೆ ಗ್ರಂಥ

ಕನ್ನಡದಲ್ಲಿ ಪ್ರಬಂಧ ಬರೆಯುವವರಿಗೆ ಒಂದು ವಿಶೇಷ ಕಷ್ಟ ಇದೆ. ಪೆನ್ನು ಹಿಡಿದ ಕೂಡಲೇ "ಪ್ರಸ್ತುತ ಅಧ್ಯಯನದ ಹಿನ್ನೆಲೆಯಲ್ಲಿ ಅವಲೋಕಿಸಲಾಗಿ" ಎಂದು ಬರುತ್ತದೆ. ಅದರ ಮುಂದೆ ಏನೂ ಬರುವುದಿಲ್ಲ. ವಿಷಯ ತಲೆಯಲ್ಲಿರುವುದು ಮನೆಮಾತಿನಲ್ಲಿ, ಬರೆಯಲು ಹೊರಟಿರುವುದು ಇನ್ನಾವುದೋ ಭಾಷೆಯಲ್ಲಿ.

ಹಾಗಾಗಿ ಮೊದಲು ಬಾಯಲ್ಲಿ ಹೇಳಿ. ತಂಗಿಗೋ ಗೆಳೆಯರಿಗೋ ಹೇಳಿ, ಯಾರೂ ಇಲ್ಲದಿದ್ದರೆ ಫೋನಿನ ರೆಕಾರ್ಡರಿಗೆ ಹೇಳಿ. "ಮುಳುಗಡಿ ಆಗಿ ಬಂದೋರಿಗೆ ಜಾಗಾ ಸಿಕ್ತು, ಆದ್ರ ಗಿರಾಕಿ ಹಳೀ ಊರಾಗ ಉಳದ್ರು" ಎಂದಿರಾ? ಅದೇ ನಿಮ್ಮ ಅಧ್ಯಾಯದ ವಾದ. ಅದನ್ನು ಬರಹದ ಕನ್ನಡಕ್ಕೆ ತಂದು, ಕೆಳಗೆ ಆಧಾರ ಜೋಡಿಸಿ. ಗೂಗಲ್ ಕೀಬೋರ್ಡಿನ ಮೈಕ್ ಒತ್ತಿದರೆ ಕನ್ನಡದಲ್ಲಿ ಹೇಳಿದ್ದನ್ನು ಟೈಪ್ ಮಾಡಿಕೊಡುತ್ತದೆ. ನಮ್ಮ ಜವಾರಿ ಮಾತು ಅದಕ್ಕೆ ಅಷ್ಟಾಗಿ ತಿಳಿಯುವುದಿಲ್ಲ, ನಿಧಾನವಾಗಿ ಹೇಳಬೇಕು.

ಬರೆಯುವ ತಾಸಿನಲ್ಲಿ ತಿದ್ದಬೇಡಿ. ಇಸವಿ ನೆನಪಾಗದಿದ್ದರೆ "ಇಸವಿ ನೋಡು" ಎಂದು ಬರೆದು ಮುಂದೆ ಹೋಗಿ. ಇಸವಿ ಹುಡುಕಲು ಎದ್ದವರು ಪುಸ್ತಕದ ಕಪಾಟಿನಿಂದ ಯೂಟ್ಯೂಬಿನವರೆಗೆ ಹೋಗಿ ಬರುತ್ತಾರೆ. ತಿದ್ದುವುದಕ್ಕೆ ಶನಿವಾರ ಬೇರೆ ತಾಸು ಇಡಿ.

ಹೆಜ್ಜೆ 6: ಓದಿದ ದಿನವೇ ಟಿಪ್ಪಣಿ

ಟಿಪ್ಪಣಿ ಇಲ್ಲದೆ ಬರೆಯಲು ಕೂರುವುದು ಹಿಟ್ಟು ನಾದದೆ ರೊಟ್ಟಿ ಬಡಿಯಲು ಕೂತಂತೆ. ಓದಿದ್ದನ್ನು ಅವತ್ತೇ, ಪುಸ್ತಕ ಮುಚ್ಚಿಟ್ಟು, ನಿಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆಯಿರಿ. ನೋಟ್‌ಬುಕ್ಕಿನ ಎಡಪುಟ ಪುಸ್ತಕದ್ದೇ ಸಾಲುಗಳಿಗೆ, ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆ ಸಮೇತ. ಬಲಪುಟ ನಿಮ್ಮದು. ಎರಡೂ ಬೆರೆತರೆ ಎರಡು ವರ್ಷದ ಮೇಲೆ ಯಾವುದು ಯಾರದ್ದು ಎಂದು ನಿಮಗೇ ತಿಳಿಯುವುದಿಲ್ಲ.

ಇದಕ್ಕೆ ದಂಡವೂ ಇದೆ. ಯುಜಿಸಿಯ 2018ರ ನಿಯಮದಂತೆ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ. 10ರವರೆಗಿದ್ದರೆ ದಂಡವಿಲ್ಲ. ಶೇ. 10 ದಾಟಿ 40ರವರೆಗಿದ್ದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60ರವರೆಗಿದ್ದರೆ ಒಂದು ವರ್ಷ ತಿದ್ದಿದ ಪ್ರಬಂಧ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆಧಾರ ತೋರಿಸಿ ಕೊಟ್ಟ ಉದ್ಧರಣೆಗಳನ್ನು ಈ ಲೆಕ್ಕದಿಂದ ಬಿಡುತ್ತಾರೆ. ವಚನ, ತತ್ವಪದ ಉದ್ಧರಿಸುವವರು ಚಿಹ್ನೆ ಹಾಕಲು ಮರೆತರೆ ಸುಮ್ನೆ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಕನ್ನಡದವರಿಗೆ ಇನ್ನೊಂದು ಎಚ್ಚರಿಕೆ: ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. "ನುಡಿ" ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ನೂರಾರು ಪುಟಗಳನ್ನು ಕೊನೆಗೆ ಯೂನಿಕೋಡ್‌ಗೆ ಬದಲಿಸಿದರೆ ಒತ್ತಕ್ಷರ, ಅರ್ಕಾವೊತ್ತುಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಅದನ್ನು ಕೈಯಿಂದ ತಿದ್ದುವುದು ಸಲ್ಲಿಸುವ ತಿಂಗಳಲ್ಲಿ ಮಾಡುವ ಕೆಲಸವಲ್ಲ. ಗ್ರಂಥಋಣಕ್ಕೆ ಜೊಟೆರೊ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಓದಿದ ಪ್ರತಿ ಪುಸ್ತಕವನ್ನು ಅವತ್ತೇ ಅದರಲ್ಲಿ ಹಾಕಿ.

ಫೀಲ್ಡ್‌ವರ್ಕ್ ಮಾಡಿದ ದಿನ ರಾತ್ರಿ ಎಷ್ಟೇ ದಣಿದಿದ್ದರೂ ಅರ್ಧ ತಾಸು ಬರೆದೇ ಮಲಗಿ. ಹೇಳಿದವರ ಮಾತು ರೆಕಾರ್ಡಿನಲ್ಲಿ ಇರುತ್ತದೆ. ಆದರೆ ಯಾವ ಪ್ರಶ್ನೆಗೆ ಅಜ್ಜ ಸುಮ್ಮನಾದರು, ಯಾರು ನಡುವೆ ಬಂದು ಕುಳಿತ ಮೇಲೆ ಮಾತು ಬದಲಾಯಿತು ಎಂಬುದು ಮರುದಿನಕ್ಕೆ ಮಸುಕಾಗುತ್ತದೆ.

ಹೆಜ್ಜೆ 7: ಯಾರೋ ಒಬ್ಬರು ಕಾಯುತ್ತಿರಬೇಕು

ವಿಜಯಪುರದ ಫ. ಗು. ಹಳಕಟ್ಟಿಯವರು ವಕೀಲಿ ಮಾಡುತ್ತಲೇ ವಚನದ ತಾಡೋಲೆಗಳನ್ನು ಹುಡುಕಿ ಸಂಪಾದಿಸಿದವರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ "ಶಿವಾನುಭವ" ಪತ್ರಿಕೆ ಶುರು ಮಾಡಿದರು. ಅವರ ನಿಷ್ಠೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಪತ್ರಿಕೆ. ಸಂಚಿಕೆ ಹೊರಬರಬೇಕೆಂದರೆ ಬರಹ ಸಿದ್ಧವಿರಲೇಬೇಕು, ಓದುಗ ಕಾಯುತ್ತಿರುತ್ತಾನೆ. ಪ್ರಬಂಧಕ್ಕೆ ಅಂಥ ಸಂಚಿಕೆಗಳಿಲ್ಲ. ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ತೋರಿಸಬೇಕೆಂಬ ನಿಯಮ ಇದೆ, ನಿಜ. ಆರು ತಿಂಗಳ ಅಂತರ ಮಾತ್ರ ತುಂಬಾ ದೊಡ್ಡದು.

ಹಾಗಾಗಿ ಗೈಡ್ ಜೊತೆ ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಿ. "ಸರ್, ಪ್ರತಿ ತಿಂಗಳ ಮೊದಲ ಶನಿವಾರ ಐದು ಪುಟ ತಂದು ಕೊಡ್ತೀನ್ರಿ, ನೀವು ಬಿಡುವಾದಾಗ ನೋಡ್ರಿ" ಎಂದು ನೀವೇ ಹೇಳಿ. ಬರಿಗೈಯಲ್ಲಿ ಹೋಗಬೇಡಿ. ಬರಿಗೈಯಲ್ಲಿ ಹೋದರೆ ಮಾತು ವಿಭಾಗದ ರಾಜಕೀಯಕ್ಕೆ ತಿರುಗುತ್ತದೆ, ಇಲ್ಲವೇ ಇನ್ನೂ ನಾಲ್ಕು ಪುಸ್ತಕದ ಹೆಸರು ಬರುತ್ತವೆ. ಪುಟ ಇದ್ದರೆ ಪುಟದ ಬಗ್ಗೆ ಮಾತಾಗುತ್ತದೆ. ಗೈಡ್ ಏನು ಹೇಳಿದರು ಎಂಬುದನ್ನು ಹೊರಬಂದ ಕೂಡಲೇ ಬರೆದು ಅವರಿಗೇ ಮೇಲ್ ಮಾಡಿ. ಎಂಟು ತಿಂಗಳ ನಂತರ "ನಾನು ಹಾಗೆ ಹೇಳಿರಲಿಲ್ಲವಲ್ಲ" ಎಂಬ ಮಾತು ಬಂದರೆ ಅದು ಕೆಲಸಕ್ಕೆ ಬರುತ್ತದೆ.

ಗೈಡ್ ಕೈಗೆ ಸಿಗದವರು ಇಬ್ಬರು ಮೂವರು ಸ್ಕಾಲರ್‌ಗಳು ಸೇರಿ ವಾರಕ್ಕೊಮ್ಮೆ ಎರಡೆರಡು ಪುಟ ಬದಲಿಸಿಕೊಳ್ಳಿ. ವಿಷಯ ಒಂದೇ ಆಗಿರಬೇಕಿಲ್ಲ. ಸಸ್ಯರೋಗದವರಿಗೆ ನಿಮ್ಮ ವಾಕ್ಯ ತಿಳಿಯದಿದ್ದರೆ ವಾಕ್ಯದಲ್ಲೇ ಏನೋ ಐಬಿದೆ.

ಮನೆಯವರು, ದುಡ್ಡು, ಮತ್ತೆ ಬಿಟ್ಟುಹೋದ ತಿಂಗಳುಗಳು

ಇದು ಹೆಜ್ಜೆಯಲ್ಲ, ಆದರೆ ಎಲ್ಲರ ಪ್ರಬಂಧವೂ ಒಮ್ಮೆಯಾದರೂ ನಿಲ್ಲುವುದು ಇಲ್ಲೇ.

ಮನೆಯವರಿಗೆ ನೀವು ಏನು ಮಾಡುತ್ತಿದ್ದೀರಿ ಎಂಬುದು ಕಾಣುವುದಿಲ್ಲ. ಬ್ಯಾಂಕಿಗೆ ಹೋಗುವವರು ಹೊರಗೆ ಹೋಗುತ್ತಾರೆ. ನೀವು ಮನೆಯಲ್ಲೇ ಕುಳಿತಿದ್ದೀರಿ, ಹಾಗಾಗಿ ಸಿಲಿಂಡರ್ ಬಂದರೆ ಬಾಗಿಲು ತೆರೆಯುವುದು ನೀವೇ. ಜಗಳ ಮಾಡುವ ಬದಲು ಆ ಒಂದು ತಾಸನ್ನು ಮಾತ್ರ ಕೇಳಿಕೊಳ್ಳಿ. "ಅವ್ವಾ, ಆರೂವರಿ ತನಕ ನನ್ನ ಕರೀಬ್ಯಾಡ, ಆಮ್ಯಾಗ ಏನ್ ಹೇಳಿದ್ರೂ ಮಾಡ್ತೀನಿ." ದಿನಪೂರ್ತಿ ಕೇಳಿದರೆ ಯಾರೂ ಕೊಡುವುದಿಲ್ಲ, ಒಂದು ತಾಸು ಕೊಡುತ್ತಾರೆ. ಮದುವೆಯಾದ ಹೆಣ್ಣುಮಕ್ಕಳಿಗೆ ಅದೂ ಸುಲಭವಿಲ್ಲ ಎಂದು ಗೊತ್ತಿದೆ. ಸೊಸೆ ಬಾಗಿಲು ಹಾಕಿಕೊಂಡು ಕುಳಿತಳು ಎಂಬ ಮಾತು ಬರುವ ಮನೆಯಿದ್ದರೆ ವಿಭಾಗವೋ ಗ್ರಂಥಾಲಯವೋ ವಾಸಿ. ಬಸ್ಸಿಗಂತೂ 2023ರ ಜೂನಿನಿಂದ ಶಕ್ತಿ ಯೋಜನೆ ಇದೆ.

ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಇರುವವರಿಗೆ 2023ರಿಂದ ತಿಂಗಳಿಗೆ 37,000, ಅದರ ಮುಂದಿನ ಹಂತವಾದ ಎಸ್‌ಆರ್‌ಎಫ್ ಆದರೆ 42,000 ರೂಪಾಯಿ. ಅದು ಇಲ್ಲದವರೇ ಜಾಸ್ತಿ. ಎರಡು ಕಾಲೇಜುಗಳಲ್ಲಿ ಪಾಠ ಮಾಡಿ ಮನೆ ನಡೆಸುವವರಿಗೆ ಐದು ದಿನ ಆಗದಿದ್ದರೆ ಮೂರು ದಿನ. ವೇಗ ಕಡಿಮೆಯಾಗುತ್ತದೆ, ಆಗಲಿ. ಕ್ಯಾಲೆಂಡರಿನ ಲೆಕ್ಕ ಮತ್ತೆ ಹಾಕಿ.

ಒಂದು ತಿಂಗಳು, ಮೂರು ತಿಂಗಳು ಬರೆಯದೇ ಹೋಯಿತು ಎನ್ನಿ. ಮನೆಯಲ್ಲಿ ಸಾವು, ಆಸ್ಪತ್ರೆ, ಚುನಾವಣೆ ಕೆಲಸ, ಏನೋ ಒಂದು. ಮರಳಿ ಬಂದ ದಿನ ಕಳೆದುಹೋದದ್ದನ್ನೆಲ್ಲ ತುಂಬಿಸುತ್ತೇನೆ ಎಂದು ಎಂಟು ತಾಸು ಕೂರಬೇಡಿ. ಎರಡು ದಿನದಲ್ಲಿ ಮತ್ತೆ ಬಿಟ್ಟುಬಿಡುತ್ತೀರಿ. ಮೊದಲ ದಿನ ಕೊನೆಯಲ್ಲಿ ಬರೆದ ಐದು ಪುಟ ಓದಿ, ಏನನ್ನೂ ತಿದ್ದದೆ ಏಳಿ. ಎರಡನೇ ದಿನ 25 ನಿಮಿಷ, ಲಕೋಟೆಯಿಂದ ಎಲ್ಲಕ್ಕಿಂತ ಸುಲಭದ ಪ್ರಶ್ನೆ. ಮೂರನೇ ದಿನದಿಂದ ಮಾಮೂಲಿ ತಾಸು. ಗೈಡ್‌ಗೆ ಮುಖ ತೋರಿಸಲು ನಾಚಿಕೆಯಾಗಿ ತಪ್ಪಿಸಿಕೊಂಡು ಓಡಾಡುವುದು ಬರೆಯದೆ ಇದ್ದದ್ದಕ್ಕಿಂತ ದೊಡ್ಡ ನಷ್ಟ. ಒಂದು ಫೋನ್ ಮಾಡಿ, ಕಾರಣ ಹೇಳಿ, ಮುಂದಿನ ಶನಿವಾರ ಗೊತ್ತು ಮಾಡಿಕೊಳ್ಳಿ.

ಕೊನೆಯ ಹೆಜ್ಜೆ: ದಿನಚರಿ ಮತ್ತು ನಕಲು

ಫೈಲು ಮೂರು ಕಡೆ ಇರಲಿ. ಲ್ಯಾಪ್‌ಟಾಪ್, ಪೆನ್‌ಡ್ರೈವ್, ಗೂಗಲ್ ಡ್ರೈವ್. ದಿನಾಂಕ ಹಾಕಿ ಹೆಸರಿಡಿ. "ಫೈನಲ್", "ಫೈನಲ್ ಹೊಸದು", "ಫೈನಲ್ ಕರೆಕ್ಟ್" ಎಂಬ ಹೆಸರುಗಳಿಂದ ಡಿಟಿಪಿ ಅಂಗಡಿಯವರು ತಪ್ಪು ಫೈಲು ಪ್ರಿಂಟ್ ಹಾಕುವುದು ಮಾಮೂಲು. ಪ್ರಿಂಟಿಗೆ ಕೊಡುವ ಮೊದಲು ವಿಶ್ವವಿದ್ಯಾಲಯ ಕೇಳುವ ಅಳತೆ, ಅಂಚು, ಹೊದಿಕೆಯ ಬಣ್ಣ, ಪ್ರಮಾಣಪತ್ರಗಳ ಮಾದರಿಯನ್ನು ವಿಭಾಗದ ಕಚೇರಿಯಿಂದಲೇ ತಂದುಕೊಳ್ಳಿ. ಸೀನಿಯರ್ ಕೊಟ್ಟ ಹಳೆಯ ಮಾದರಿ ನಂಬಬೇಡಿ.

ಇನ್ನು ದಿನಚರಿ. ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ದಿನಕ್ಕೊಂದು ಸಾಲು: ದಿನಾಂಕ, ಎಷ್ಟು ಹೊತ್ತು ಕುಳಿತಿರಿ, ಯಾವ ಪ್ರಶ್ನೆ, ಏನನ್ನು ಬಿಟ್ಟಿರಿ, ಏಕೆ ಬಿಟ್ಟಿರಿ. ಪದ ಎಣಿಸುವುದು ನಿಮಗಿಷ್ಟವಿದ್ದರೆ ಎಣಿಸಿ. ನಾನು ಒತ್ತಾಯ ಮಾಡುವುದಿಲ್ಲ, ಸಂಖ್ಯೆಗಾಗಿ ಪುಟ ತುಂಬಿಸುವ ಚಟ ಹತ್ತುತ್ತದೆ. ತಿಂಗಳ ಕೊನೆಗೆ ಆ ಸಾಲುಗಳನ್ನು ಒಮ್ಮೆ ಓದಿದರೆ ಯಾವ ವಾರ ತಪ್ಪಿತು, ಯಾವ ಹೊತ್ತು ಒಗ್ಗುತ್ತಿಲ್ಲ ಎಂಬುದು ಗೊತ್ತಾಗುತ್ತದೆ. ಪ್ರಗತಿ ವರದಿ ಬರೆಯುವ ದಿನ ತಲೆ ಕೆರೆದುಕೊಳ್ಳುವುದೂ ತಪ್ಪುತ್ತದೆ.

ಪ್ರಬಂಧ ಸಲ್ಲಿಸಿದ ಮೇಲೆ ಆ ನೋಟ್‌ಬುಕ್ಕನ್ನು ರದ್ದಿಗೆ ಹಾಕಬೇಡಿ. ಸಲ್ಲಿಸಿದ ದಿನಕ್ಕೂ ಮೌಖಿಕ ಪರೀಕ್ಷೆಗೂ (ವೈವಾ) ನಡುವೆ ತಿಂಗಳುಗಳು ಕಳೆಯುತ್ತವೆ, ಬರೆದದ್ದು ಮರೆತಿರುತ್ತದೆ. "ಇಷ್ಟೇ ಊರುಗಳನ್ನು ಏಕೆ ಆರಿಸಿಕೊಂಡಿರಿ, ಆ ಕಡತವನ್ನು ಏಕೆ ಬಳಸಲಿಲ್ಲ" ಎಂದು ಪರೀಕ್ಷಕರು ಕೇಳುವುದು ಇಂಥದ್ದನ್ನೇ. "ಏಕೆ ಬಿಟ್ಟಿರಿ" ಎಂಬ ಸಾಲುಗಳಲ್ಲಿ ಅದಕ್ಕೆ ಉತ್ತರ ಇರುತ್ತದೆ. ವೈವಾದ ಹಿಂದಿನ ವಾರ ಪ್ರಬಂಧದ ಜೊತೆ ಅದನ್ನೂ ಓದಿಕೊಳ್ಳಿ.